ನೈಟ್ರೇಟ್ ನೀರಿನಲ್ಲಿ, ಫಾಸ್ಫೇಟ್ ಕಲ್ಲಿನಲ್ಲಿ

ಮನೆಯಲ್ಲಿಟ್ಟ ಉಪ್ಪುನೀರಿನ ಹವಳದ ಟ್ಯಾಂಕಿನ (ಅಕ್ವೇರಿಯಂ) ಕಲ್ಲುಗಳ ಮೇಲೆಲ್ಲ ಹಸಿರು ಕೂದಲಿನಂಥ ಪಾಚಿ, ಮರಳಿನ ಮೇಲೆ ಕೆಂಪು ಲೋಳೆ. ಗಾಜನ್ನು ಇವತ್ತು ಉಜ್ಜಿದರೆ ನಾಳೆ ಬೆಳಿಗ್ಗೆಗೆ ಮತ್ತೆ ಮಬ್ಬು. ಟೆಸ್ಟ್ ಕಿಟ್ ಮಾತ್ರ ಫಾಸ್ಫೇಟ್ ಸೊನ್ನೆ ಎನ್ನುತ್ತದೆ. ಕಿಟ್ ಹೇಳುತ್ತಿರುವುದು ಸುಳ್ಳಲ್ಲ. ನೀರಿಗೆ ಬಂದದ್ದನ್ನು ಬಂದ ಹಾಗೇ ಪಾಚಿ ಬಾಚಿಕೊಳ್ಳುತ್ತಿದೆ, ಅಳೆಯುವುದಕ್ಕೆ ನೀರಿನಲ್ಲಿ ಏನೂ ಉಳಿದಿಲ್ಲ ಅಷ್ಟೆ. ಹಾಗಾಗಿ ಕಿಟ್ಟಿನ ಅಂಕಿಯನ್ನು ಓದುವ ಮೊದಲು ಟ್ಯಾಂಕನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಉಪ್ಪುನೀರಿನ ಹವಳದ ಟ್ಯಾಂಕಿನಲ್ಲಿ ‘ಪೋಷಕಾಂಶ ಜಾಸ್ತಿಯಾಗಿದೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ನೈಟ್ರೇಟ್ ಮತ್ತು ಫಾಸ್ಫೇಟ್ ಎರಡರ ಸ್ವಭಾವವೇ ಬೇರೆ. ನೈಟ್ರೇಟ್ ನೀರಿನಲ್ಲೇ ಇರುತ್ತದೆ. ನೀರು ಬದಲಿಸಿದಷ್ಟು ಕಡಿಮೆಯಾಗುತ್ತದೆ. ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾ ಅದನ್ನು ಸಾರಜನಕ ಅನಿಲವಾಗಿಸಿ ಗಾಳಿಗೂ ಬಿಡುತ್ತವೆ. ಫಾಸ್ಫೇಟಿಗೆ ಗಾಳಿಯ ದಾರಿ ಇಲ್ಲ. ಅದು ಕ್ಯಾಲ್ಸಿಯಂ ಕಾರ್ಬೋನೇಟಿಗೆ, ಅಂದರೆ ನಿಮ್ಮ ಕಲ್ಲಿಗೂ ಮರಳಿಗೂ, ಅಂಟಿಕೊಂಡು ಕೂರುತ್ತದೆ. ನೀರಿನಲ್ಲಿ ಕಡಿಮೆಯಾದ ಕೂಡಲೇ ಅಲ್ಲಿಂದ ಇಳಿದು ಬರುತ್ತದೆ. ಒಂದಕ್ಕೆ ಹಿಡಿದ ಮದ್ದು ಇನ್ನೊಂದಕ್ಕೆ ಹಿಡಿಯದೇ ಇರುವುದು ಈ ಕಾರಣಕ್ಕೆ.

ಲೆಕ್ಕ ಸುಲಭವಾಗಲಿ ಎಂದು ಇಲ್ಲಿ ಎಲ್ಲ ಅಳತೆಯನ್ನೂ 200 ಲೀಟರ್ ನೀರಿಗೆ ಹೇಳಿದ್ದೇನೆ. ಟ್ಯಾಂಕು, ಸಂಪು ಎರಡೂ ಸೇರಿ, ಕಲ್ಲು ಮರಳಿನ ಜಾಗ ಕಳೆದು ಉಳಿಯುವ ನೀರು ಇದು. (ಸಂಪು ಎಂದರೆ ಇಲ್ಲಿ ಅಂಗಳದಡಿಯ ತೊಟ್ಟಿಯಲ್ಲ, ಟ್ಯಾಂಕಿನ ಕೆಳಗಿಡುವ ಗಾಜಿನ ಪೆಟ್ಟಿಗೆ.)

ಎಷ್ಟಿರಬೇಕು, ಹೇಗೆ ಅಳೆಯಬೇಕು

ನೈಟ್ರೇಟ್ 2ರಿಂದ 10 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದರ್ಥ), ಫಾಸ್ಫೇಟ್ 0.03ರಿಂದ 0.10 ಪಿಪಿಎಂ. ಲೆದರ್, ಮಶ್ರೂಮ್, ಜೊವಾಂಥಿಡ್ ಥರದ ಮೆದು ಹವಳ ಮಾತ್ರ ಇಟ್ಟವರು ನೈಟ್ರೇಟ್ 20 ಆದರೂ ಗಾಬರಿಯಾಗಬೇಕಿಲ್ಲ. ಅಕ್ರೊಪೊರಾ ಥರದ ಕಲ್ಲುಹವಳ ಇಟ್ಟವರಿಗೆ ಅಂಕಿಗಿಂತ ಅದರ ಏರಿಳಿತವೇ ಹೆಚ್ಚು ತೊಂದರೆ. ವರ್ಷಗಟ್ಟಲೆ 0.15ರಲ್ಲೇ ನಿಂತ ಫಾಸ್ಫೇಟನ್ನು ಹವಳ ಸಹಿಸಿಕೊಳ್ಳುತ್ತದೆ, ಒಂದೇ ವಾರದಲ್ಲಿ 0.15ರಿಂದ 0.02ಕ್ಕೆ ಬೀಳಿಸಿದರೆ ಸಹಿಸುವುದಿಲ್ಲ. ಫಾಸ್ಫೇಟ್ ಜಾಸ್ತಿಯಾದಾಗ ಹವಳದ ಒಳಗಿನ ಪಾಚಿ ಹೆಚ್ಚಿ ಬಣ್ಣ ಕಂದಾಗುತ್ತದೆ, ಅಸ್ಥಿ ಕಟ್ಟುವ ವೇಗವೂ ತಗ್ಗುತ್ತದೆ.

ಅಂಕಿ ಹೋಲಿಸುವಾಗ ಎಡವುವ ಜಾಗ ಒಂದಿದೆ. ಕೆಲವು ಕಿಟ್‌ಗಳು ನೈಟ್ರೇಟನ್ನು ಸಾರಜನಕದ ಲೆಕ್ಕದಲ್ಲಿ ತೋರಿಸುತ್ತವೆ; ಅದನ್ನು 4.43ರಿಂದ ಗುಣಿಸಿದರೆ ನಾವು ಮಾತಾಡುವ ನೈಟ್ರೇಟ್ ಸಿಗುತ್ತದೆ. ಹ್ಯಾನಾ ಕಂಪನಿಯ ಪಿಪಿಬಿ (ಪಿಪಿಎಂನ ಸಾವಿರದಲ್ಲೊಂದು ಪಾಲು) ಮೀಟರ್ ಫಾಸ್ಫರಸ್ ತೋರಿಸುತ್ತದೆ; ಅದನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ. ಮೀಟರು 20 ಎಂದರೆ 0.06. ಆ ಮೀಟರಿಗೆ ಹೆಚ್ಚುಕಡಿಮೆ 5 ಪಿಪಿಬಿ ವ್ಯತ್ಯಾಸ ಸಹಜ, ಅಂದರೆ 0.015 ಪಿಪಿಎಂ. ನಿನ್ನೆ 0.05 ಇತ್ತು, ಇವತ್ತು 0.06 ಆಗಿದೆ ಎಂದು ಮದ್ದು ಬದಲಿಸಲು ಹೊರಡುವವರು ಅಳೆಯುತ್ತಿರುವುದು ಮೀಟರಿನ ನಡುಕವನ್ನು.

ಅಳೆಯುವ ಕೈಯೂ ಮುಖ್ಯ. ಸೀಸೆಯನ್ನು ಮೊದಲು ಟ್ಯಾಂಕಿನ ನೀರಿನಲ್ಲೇ ಎರಡು ಸಲ ತೊಳೆದು 10 ಮಿಲಿ ತುಂಬಿ, ಹೊರಗಿನ ಬೆರಳಚ್ಚನ್ನು ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ. ಮೊದಲ ರೀಡಿಂಗ್‌ಗೂ ಎರಡನೆಯದಕ್ಕೂ ಅದೇ ಸೀಸೆ, ಅದೇ ಗುರುತು ಮುಂದಕ್ಕೆ. ಪುಡಿಯ ಪೊಟ್ಟಣವನ್ನು ಪೂರ್ತಿ ಅಗಲಕ್ಕೆ ಕತ್ತರಿಸಿ, ಮಡಿಕೆಯಲ್ಲಿ ಕೂತ ಪುಡಿಯನ್ನು ಬೆರಳಿನಿಂದ ತಟ್ಟಿ ಉದುರಿಸಿ. ಅಲ್ಲಿ ಚಿಟಿಕೆ ಉಳಿದರೂ ಅಂಕಿ ಕೆಳಗೆ ಬರುತ್ತದೆ. ಎರಡು ನಿಮಿಷ ಮೆಲ್ಲಗೆ ಅಲ್ಲಾಡಿಸಿ, ಗಾಜಿಗೆ ಅಂಟಿದ ಗುಳ್ಳೆಗಳು ಏಳುವಂತೆ ಸೀಸೆಯನ್ನು ಓರೆ ಮಾಡಿ ತಿರುಗಿಸಿ, ಆಮೇಲೆ ಮೂರು ನಿಮಿಷದ ಎಣಿಕೆಗೆ ಬಿಡಿ. ಗುಳ್ಳೆ ಉಳಿದರೆ ಅಂಕಿ ಮೇಲೆ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ನೈಟ್ರೈಟ್ (ನೈಟ್ರೇಟ್ ಆಗುವ ಮೊದಲಿನ ರೂಪ) ಇರುವತನಕ ನೈಟ್ರೇಟ್ ಕಿಟ್ಟಿನ ಬಣ್ಣವನ್ನು ನಂಬಬೇಡಿ, ಅದು ವಿಪರೀತ ಗಾಢವಾಗಿ ಬರುತ್ತದೆ.

ಒಳಗೆ ಬರುವ ದಾರಿಗಳು

ಮೊದಲನೆಯದು ಆಹಾರ. ಒಣ ಪೆಲೆಟ್ ಅಥವಾ ಫ್ಲೇಕಿನಲ್ಲಿ ಪ್ರೋಟೀನ್ ಶೇ 45, ಫಾಸ್ಫರಸ್ ಶೇ 1 ಎಂದಿಟ್ಟುಕೊಳ್ಳಿ. ಪ್ರೋಟೀನಿನ ಶೇ 16 ಭಾಗ ಸಾರಜನಕ. ದಿನಕ್ಕೆ 1 ಗ್ರಾಂ ಹಾಕಿದರೆ 72 ಮಿಗ್ರಾಂ ಸಾರಜನಕ, 10 ಮಿಗ್ರಾಂ ಫಾಸ್ಫರಸ್ ಒಳಗೆ ಹೋಯಿತು. ಏನೂ ಹೊರಹೋಗದಿದ್ದರೆ 200 ಲೀಟರಿನಲ್ಲಿ ದಿನಕ್ಕೆ 1.6 ಪಿಪಿಎಂ ನೈಟ್ರೇಟ್, 0.15 ಪಿಪಿಎಂ ಫಾಸ್ಫೇಟ್ ಏರಬೇಕು. ಹವಳ, ಪಾಚಿ, ಬ್ಯಾಕ್ಟೀರಿಯಾ, ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಎಲ್ಲ ತಮ್ಮ ಪಾಲು ಕಿತ್ತುಕೊಳ್ಳುವುದರಿಂದ ಅಷ್ಟು ಏರುವುದಿಲ್ಲ. ಆದರೂ ಈ ಲೆಕ್ಕ ಒಮ್ಮೆ ಮಾಡಿದವರು ಪೆಲೆಟ್ ಡಬ್ಬಿಯನ್ನು ಟ್ಯಾಂಕಿನ ಮೇಲೆ ಸುಮ್ಮನೆ ಕೊಡವುವುದಿಲ್ಲ. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ಒಂದು ವಾರದ ಆಹಾರ ತೂಗಿ ಬೇರೆ ಡಬ್ಬಿಗೆ ಹಾಕಿಡಿ. ಮನೆಯಲ್ಲಿ ಯಾರೇ ಹಾಕಿದರೂ ವಾರದ ಕೊನೆಗೆ ಲೆಕ್ಕ ಸಿಗುತ್ತದೆ. ಫ್ರೋಜನ್ ಸೀಗಡಿಯ ಕ್ಯೂಬನ್ನು ಕರಗಿಸಿ ಆ ನೀರು ಚೆಲ್ಲುವ ಪದ್ಧತಿಗೆ ಬಹಳ ಮಹತ್ವ ಕೊಡುತ್ತಾರೆ. ಚೆಲ್ಲಿದರೆ ನಷ್ಟವೇನಿಲ್ಲ, ಲಾಭವೂ ಅಷ್ಟಕ್ಕಷ್ಟೆ. ಫಾಸ್ಫೇಟ್ ಇರುವುದು ಹೆಚ್ಚಾಗಿ ಸೀಗಡಿಯ ಮೈಯಲ್ಲಿ, ಕರಗಿದ ನೀರಿನಲ್ಲಲ್ಲ.

ಎರಡನೆಯದು ಆವಿಯಾದ ಜಾಗಕ್ಕೆ ಸುರಿಯುವ ಸಿಹಿನೀರು. ಬೆಂಗಳೂರಿನಲ್ಲಿ, ಕೋಲಾರ-ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರು ಬಳಸುವವರು ಇದನ್ನು ಗಮನಿಸಲೇಬೇಕು. ಕುಡಿಯುವ ನೀರಿಗೇ ಭಾರತೀಯ ಮಾನಕ ಒಪ್ಪುವ ನೈಟ್ರೇಟ್ ಮಿತಿ ಲೀಟರಿಗೆ 45 ಮಿಗ್ರಾಂ, ಎಷ್ಟೋ ಬೋರ್‌ವೆಲ್ ಅದನ್ನೂ ಮೀರುತ್ತವೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿದ ಟ್ಯಾಂಕಿನಿಂದ ದಿನಕ್ಕೆ 3 ಲೀಟರ್ ಆವಿಯಾಗುತ್ತದೆ ಎನ್ನಿ. ಸುರಿಯುವ ನೀರಿನಲ್ಲಿ 20 ಪಿಪಿಎಂ ನೈಟ್ರೇಟ್ ಇದ್ದರೆ ವಾರಕ್ಕೆ 420 ಮಿಗ್ರಾಂ, ಅಂದರೆ ಮೀನಿಗೆ ಒಂದು ಕಾಳೂ ಹಾಕದೆ ವಾರಕ್ಕೆ 2 ಪಿಪಿಎಂ ಏರಿಕೆ. ಮನೆಯ ಗೋಡೆಗೆ ಹಾಕಿದ ಆರ್‌ಒ ಫಿಲ್ಟರಿನ ನೀರು ಸಾಕು ಎಂದುಕೊಳ್ಳಬೇಡಿ. ಅದರಲ್ಲಿ ರುಚಿಗೆಂದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಕಂಟ್ರೋಲರ್ ಇರುತ್ತದೆ, ಅದು ಮೆಂಬ್ರೇನ್ ತಪ್ಪಿಸಿ ಬಂದ ನೀರನ್ನು ಮತ್ತೆ ಬೆರೆಸುತ್ತದೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಬೇರೆ. ಆ ಕಂಟ್ರೋಲರನ್ನು ಪೂರ್ತಿ ಮುಚ್ಚಿ, ಮೆಂಬ್ರೇನಿನಿಂದ ನೇರ ಬರುವ ಪೈಪಿಗೆ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿಯುವ ಹರಳು) ಡಬ್ಬಿ ಜೋಡಿಸಿ. ಕೊನೆಯಲ್ಲಿ ಟಿಡಿಎಸ್ 0 ಬರಬೇಕು. 2 ಅಥವಾ 3 ತೋರಿಸತೊಡಗಿದ ದಿನವೇ ರೆಸಿನ್ ಬದಲಿಸಿ. ಮುಗಿದ ರೆಸಿನ್ ಹಿಂದೆ ಹಿಡಿದಿಟ್ಟದ್ದನ್ನೂ ಬಿಟ್ಟುಕೊಡುತ್ತದೆ.

ಮಂಗಳೂರು, ಉಡುಪಿ ಕಡೆಯವರಿಗೆ ಸಮುದ್ರದ ನೀರೇ ಕೈಗೆಟಕುತ್ತದೆ. ಬೇಸಿಗೆಯಲ್ಲಿ, ನದಿಮುಖದಿಂದ ದೂರ, ದೋಣಿಯಲ್ಲಿ ಒಳಗೆ ಹೋಗಿ ತಂದರೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಒಂದು ಕಡೆ ನೇತ್ರಾವತಿ, ಗುರುಪುರ ಹೊಳೆಗಳ ಕೆಂಪು ನೀರು ಉಪ್ಪನ್ನು ಇಳಿಸುತ್ತದೆ. ಇನ್ನೊಂದು ಕಡೆ ಆ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೇಳುತ್ತದೆ, ಅದರ ಜೊತೆಗೆ ನೈಟ್ರೇಟ್, ಫಾಸ್ಫೇಟ್ ಎರಡೂ ಬರುತ್ತವೆ. ಮೀನುಗಾರಿಕೆಗೆ ಅದು ವರ, ಟ್ಯಾಂಕಿಗೆ ಅಲ್ಲ.

ನೈಟ್ರೇಟ್ ಇಳಿಸುವುದು

ವಾರಕ್ಕೆ ಶೇ 10 ನೀರು ಬದಲಿಸುತ್ತೇನೆ, ಆದರೂ ನೈಟ್ರೇಟ್ 20ರಿಂದ ಇಳಿಯುತ್ತಿಲ್ಲ ಎಂಬ ದೂರು ಹೆಚ್ಚು. ಅದು ಇಳಿಯಲಾರದು. ವಾರಕ್ಕೆ ಎಷ್ಟು ಏರುತ್ತದೋ ಅದನ್ನು ಬದಲಿಸುವ ಪಾಲಿನಿಂದ ಭಾಗಿಸಿದರೆ ಅಂಕಿ ಎಲ್ಲಿ ನಿಲ್ಲುತ್ತದೆಂದು ಗೊತ್ತಾಗುತ್ತದೆ. ವಾರಕ್ಕೆ 2 ಪಿಪಿಎಂ ಏರುವ ಟ್ಯಾಂಕಿನಲ್ಲಿ ಶೇ 10 ಬದಲಿಸಿದರೆ ಅದು 20ಕ್ಕೂ 18ಕ್ಕೂ ನಡುವೆ ಓಡಾಡುತ್ತದೆ. ಶೇ 20 ಬದಲಿಸಿದರೆ 10ಕ್ಕೂ 8ಕ್ಕೂ. 5ಕ್ಕೆ ತರಬೇಕೆಂದರೆ ವಾರವಾರವೂ ಶೇ 40, ಅಂದರೆ 80 ಲೀಟರ್ ನೀರು, ಸುಮಾರು 3 ಕಿಲೋ ಉಪ್ಪು. ಆ ಖರ್ಚಿಗಿಂತ ಏರಿಕೆಯನ್ನೇ ತಗ್ಗಿಸುವುದು ಲೇಸು. ಮೊದಲು ಏರಿಕೆ ಎಷ್ಟೆಂದು ತಿಳಿಯಿರಿ: ಒಂದು ಭಾನುವಾರ ಅಳೆದು, ನೀರು ಬದಲಿಸದೆ ಮುಂದಿನ ಭಾನುವಾರ ಮತ್ತೆ ಅಳೆಯಿರಿ.

ಸ್ಕಿಮ್ಮರ್ ನೈಟ್ರೇಟನ್ನು ತೆಗೆಯುವುದಿಲ್ಲ. ನೈಟ್ರೇಟ್ ಆಗುವ ಮೊದಲೇ ಪ್ರೋಟೀನನ್ನು ಗುಳ್ಳೆಗೆ ಅಂಟಿಸಿ ನೊರೆಯಾಗಿ ಮೇಲೆತ್ತುತ್ತದೆ. ಹಾಗಾಗಿ ಅದರ ಕುತ್ತಿಗೆ ಶುದ್ಧವಿರಬೇಕು. ಎರಡು ಮೂರು ದಿನಕ್ಕೆ ಕುತ್ತಿಗೆಯ ಒಳಗೋಡೆಯ ಮೇಲೆ ಬೆರಳಾಡಿಸಿ ನೋಡಿ, ಕಂದು ಬಣ್ಣದ ಜಿಡ್ಡು ಹತ್ತುತ್ತದೆ. ಆ ಜಿಡ್ಡು ತಾಗಿದ ನೊರೆ ಒಡೆದು ಕೆಳಗಿಳಿಯುತ್ತದೆ, ಮೇಲಿನ ಕಪ್‌ಗೆ ಬೀಳುವುದಿಲ್ಲ. ಸಾಬೂನು ಮುಟ್ಟಿಸದೆ ಬಿಸಿನೀರಿನಲ್ಲಿ ಉಜ್ಜಿ ಒರೆಸಿ; ಹಾಕಿದ ಮೇಲೆ ಕೆಲವು ಗಂಟೆ ನೊರೆ ಏಳದಿದ್ದರೆ ಗಾಬರಿ ಬೇಡ. ನೈಟ್ರೇಟ್ ಹೆಚ್ಚಿರುವಾಗ ನೊರೆಯನ್ನು ಸ್ವಲ್ಪ ನೀರಾಗಿ, ಕಡು ಟೀ ಬಣ್ಣಕ್ಕೆ ಇಡಿ. ಗಟ್ಟಿ ಕಪ್ಪು ಕೆಸರು ಬಂದರೆ ಸ್ಕಿಮ್ಮರ್ ಚೆನ್ನಾಗಿದೆ ಎನಿಸುತ್ತದೆ, ಒಟ್ಟು ಹೊರಬೀಳುವುದು ಮಾತ್ರ ಕಡಿಮೆ. 200 ಮೈಕ್ರಾನ್ ಫಿಲ್ಟರ್ ಸಾಕ್ಸನ್ನು (ನೀರು ಸೋಸುವ ಬಟ್ಟೆಯ ಚೀಲ) ಮೂರು ನಾಲ್ಕು ದಿನಕ್ಕೆ ಬದಲಿಸುವ ವ್ಯವಧಾನ ಇಲ್ಲದಿದ್ದರೆ ಹಾಕಲೇಬೇಡಿ. ಅದರಲ್ಲಿ ಸಿಕ್ಕಿದ ಹಿಕ್ಕೆ ಅಲ್ಲೇ ಕೊಳೆತು ನೀರಿಗೆ ಸೇರುತ್ತದೆ.

ಇದೆಲ್ಲ ಮಾಡಿಯೂ ನಿಲ್ಲದಿದ್ದರೆ ಕಾರ್ಬನ್ ಡೋಸಿಂಗ್. ಬ್ಯಾಕ್ಟೀರಿಯಾಗಳಿಗೆ ವೋಡ್ಕಾ ಅಥವಾ ವಿನಿಗರ್ ರೂಪದಲ್ಲಿ ಇಂಗಾಲ ಕೊಟ್ಟು ಬೆಳೆಸುವುದು, ಅವು ನೈಟ್ರೇಟ್ ತಿಂದು ಮೈ ಬೆಳೆಸಿಕೊಂಡಾಗ ಸ್ಕಿಮ್ಮರಿನಿಂದ ಎತ್ತುವುದು. ಸ್ಕಿಮ್ಮರ್ ಇಲ್ಲದ ಟ್ಯಾಂಕಿಗೆ ಇದು ಬೇಡವೇ ಬೇಡ. ಬೇರೆ ದೇಶದವರು ಬರೆದ ಕೋಷ್ಟಕಗಳಲ್ಲಿ ಶೇ 40ರ ವೋಡ್ಕಾ, ಶೇ 5ರ ವಿನಿಗರ್ ಎಂದು ಹಿಡಿದು 1 ಮಿಲಿ ವೋಡ್ಕಾ ಅಂದರೆ 8 ಮಿಲಿ ವಿನಿಗರ್ ಎಂದಿರುತ್ತದೆ. ನಮ್ಮ ವೋಡ್ಕಾ ಸಾಮಾನ್ಯವಾಗಿ ಶೇ 42.8, ಅಂಗಡಿಯ ಬಿಳಿ ವಿನಿಗರ್ ಬಹಳಷ್ಟು ಶೇ 4. ಹಾಗಾದಾಗ 1 ಮಿಲಿಗೆ ಸುಮಾರು 11 ಮಿಲಿ ಬೇಕು. ಬಾಟಲಿಯ ಲೇಬಲ್ ನೋಡಿ. ಸಿಂಥೆಟಿಕ್ ವಿನಿಗರ್ ಎಂದು ಬರೆದಿದ್ದರೆ ಹೆದರಬೇಡಿ, ಅದು ನೀರು ಬೆರೆಸಿದ ಅಸಿಟಿಕ್ ಆಮ್ಲ, ನಮಗೆ ಬೇಕಾದದ್ದೂ ಅದೇ. ಬಣ್ಣ ಹಾಕಿದ ಕಂದು ವಿನಿಗರ್, ಹಣ್ಣಿನ ಪರಿಮಳದ ವೋಡ್ಕಾ ದೂರವಿಡಿ.

200 ಲೀಟರಿಗೆ ಶೇ 4ರ ವಿನಿಗರ್ ದಿನಕ್ಕೆ 2 ಮಿಲಿಯಿಂದ ಶುರುಮಾಡಿ, ವಾರಕ್ಕೆ 2 ಮಿಲಿಯಂತೆ ಏರಿಸಿ. ನೈಟ್ರೇಟ್ ಇಳಿಯತೊಡಗಿದ ಕ್ಷಣ ಏರಿಸುವುದನ್ನು ನಿಲ್ಲಿಸಿ, ಅದೇ ಅಳತೆಯಲ್ಲಿ ಮುಂದುವರಿಸಿ. 5ರ ಕೆಳಗೆ ಬಂದರೆ ಅಳತೆಯನ್ನು ಅರ್ಧಕ್ಕೆ ತನ್ನಿ. ಇಳಿಯುತ್ತಿಲ್ಲವೆಂದು ಅವಸರಪಟ್ಟು ಒಮ್ಮೆಲೇ ಇಮ್ಮಡಿ ಮಾಡಿದವರ ಟ್ಯಾಂಕು ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗುತ್ತದೆ: ಬ್ಯಾಕ್ಟೀರಿಯಾ ಸ್ಫೋಟ. ಅವು ಆಮ್ಲಜನಕವನ್ನೂ ಹೀರುತ್ತವೆ, ಮೀನುಗಳು ಮೇಲೆ ಬಂದು ಬಾಯಿಬಿಡುತ್ತವೆ. ಆಗ ಡೋಸ್ ನಿಲ್ಲಿಸಿ, ಏರ್‌ಸ್ಟೋನ್ ಹಾಕಿ. ಡೋಸನ್ನು ಬೆಳಿಗ್ಗೆ ದೀಪ ಹೊತ್ತಿದ ಮೇಲೆ ಕೊಡಬೇಕು, ರಾತ್ರಿಯಲ್ಲ. ಕರೆಂಟ್ ಹೋಗುವ ಊರಿನಲ್ಲಿ ಈ ನಿಯಮ ಇನ್ನೂ ಬಿಗಿ: ಸ್ಕಿಮ್ಮರ್ ನಿಂತಿರುವ ದಿನ ವಿನಿಗರ್ ಇಲ್ಲ, ವೇವ್‌ಮೇಕರ್ (ನೀರು ಅಲುಗಿಸುವ ಪಂಪು) ಒಂದಾದರೂ ಯುಪಿಎಸ್ ಮೇಲಿರಬೇಕು.

ಫಾಸ್ಫೇಟ್, ಅಂದರೆ ಕಲ್ಲು

ಕಾರ್ಬನ್ ಡೋಸಿಂಗ್ ಫಾಸ್ಫೇಟನ್ನೂ ಇಳಿಸಬೇಕಲ್ಲವೇ? ಕಾಗದದ ಮೇಲೆ ಹೌದು. ಕಡಲಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳ ಮೈಯಲ್ಲಿ ಸಾರಜನಕಕ್ಕೂ ಫಾಸ್ಫರಸ್‌ಗೂ ಇರುವ ರೆಡ್‌ಫೀಲ್ಡ್ ಅನುಪಾತ, ಪರಮಾಣುಗಳ ಎಣಿಕೆಯಲ್ಲಿ, 16:1. ಆ ಲೆಕ್ಕದಲ್ಲಿ 10 ಪಿಪಿಎಂ ನೈಟ್ರೇಟಿನ ಜೊತೆ 1 ಪಿಪಿಎಂ ಫಾಸ್ಫೇಟ್ ಹೋಗಬೇಕು. ನಡೆಯುವುದು ಬೇರೆ. ನೈಟ್ರೇಟಿನ ಒಂದು ಪಾಲು ಅನಿಲವಾಗಿಯೂ ಹೋಗುತ್ತದೆ, ಫಾಸ್ಫೇಟನ್ನು ಕಲ್ಲು ಮತ್ತೆ ಮತ್ತೆ ತುಂಬಿಸುತ್ತದೆ. ಕೊನೆಗೆ ನೈಟ್ರೇಟ್ ಸೊನ್ನೆ, ಫಾಸ್ಫೇಟ್ 0.2 ಎಂಬ ಪೇಚಿಗೆ ಟ್ಯಾಂಕು ಸಿಕ್ಕಿಕೊಳ್ಳುತ್ತದೆ.

ಫಾಸ್ಫೇಟ್ 0.3 ಇರುವ 200 ಲೀಟರ್ ನೀರಿನಲ್ಲಿ ಇರುವುದು ಬರೀ 60 ಮಿಗ್ರಾಂ. ಕಲ್ಲು, ಮರಳಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಅರ್ಧ ನೀರು ಬದಲಿಸಿ 0.15ಕ್ಕೆ ಇಳಿಸಿದರೂ ಒಂದೆರಡು ದಿನದಲ್ಲಿ ಅಂಕಿ ಹಳೆಯ ಜಾಗದ ಹತ್ತಿರಕ್ಕೆ ಏರಿರುತ್ತದೆ. ಮದ್ದು ಕೆಲಸ ಮಾಡಲಿಲ್ಲ ಎಂದು ಬೈದುಕೊಳ್ಳುವುದು ಈ ಹಂತದಲ್ಲೇ. ಮದ್ದು ಕೆಲಸ ಮಾಡಿದೆ, ಕಲ್ಲು ತನ್ನ ಸಾಲ ತೀರಿಸುತ್ತಿದೆ. ತಿಂಗಳುಗಟ್ಟಲೆ ಒಂದೇ ಸಮನೆ ಎಳೆಯುವುದೊಂದೇ ದಾರಿ.

ಹಾಗಾಗಿ ಕಲ್ಲು ಟ್ಯಾಂಕಿಗೆ ಇಳಿಯುವ ಮೊದಲೇ ಪರೀಕ್ಷೆಯಾಗಬೇಕು. ನಮ್ಮಲ್ಲಿ 2001ರಿಂದ ಕಲ್ಲುಹವಳಗಳು ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಕಡಲಿನಿಂದ ಹವಳ ಎತ್ತಿ ತರುವುದು ಅಪರಾಧ. ಹಾಗಾಗಿ ಒಣ ಕಲ್ಲು, ಸೆರಾಮಿಕ್ ಕಲ್ಲು ಅಥವಾ ಯಾರೋ ಮುಚ್ಚಿದ ಟ್ಯಾಂಕಿನ ಹಳೆಯ ಕಲ್ಲು ಕೈಗೆ ಬರುತ್ತದೆ. ಮೂರನೆಯದು ಅಗ್ಗ, ಫಾಸ್ಫೇಟ್ ಮಾತ್ರ ಪುಕ್ಕಟೆಯಾಗಿ ಜೊತೆಗೆ ಬರುತ್ತದೆ. ಬಕೆಟಿನಲ್ಲಿ ಆರ್‌ಒ-ಡಿಐ ನೀರಿನ ಉಪ್ಪುನೀರು ತುಂಬಿ, ಕಲ್ಲು ಮುಳುಗಿಸಿ, ಚಿಕ್ಕ ಪಂಪ್ ಓಡಿಸಿ ವಾರ ಬಿಟ್ಟು ಅಳೆಯಿರಿ. 0.1ಕ್ಕಿಂತ ಮೇಲಿದ್ದರೆ ನೀರು ಚೆಲ್ಲಿ ಮತ್ತೆ ತುಂಬಿಸಿ, ಏರಿಕೆ ನಿಲ್ಲುವತನಕ.

ಓಡುವ ಟ್ಯಾಂಕಿಗೆ ಜಿಎಫ್‌ಒ, ಅಂದರೆ ಫಾಸ್ಫೇಟ್ ಹಿಡಿಯುವ, ಹರಳು ರೂಪದ ಕಬ್ಬಿಣದ ಆಕ್ಸೈಡ್. 200 ಲೀಟರಿಗೆ 50 ಮಿಲಿಯಿಂದ ಆರಂಭಿಸಿ. ಪೊಟ್ಟಣದ ಮೇಲೆ ಬರೆದ ಪೂರ್ತಿ ಅಳತೆ ಮೊದಲ ದಿನವೇ ಬೇಡ. ರಿಯಾಕ್ಟರಿನಿಂದ (ಈ ಹರಳಿನ ಮೂಲಕ ನೀರು ಹರಿಸುವ ಡಬ್ಬಿ) ಮೊದಲು ಹೊರಬರುವ ತುಕ್ಕು ಬಣ್ಣದ ನೀರನ್ನು ಬಕೆಟಿಗೆ ಹಿಡಿದು, ತಿಳಿಯಾದ ಮೇಲೆ ಸಂಪಿಗೆ ತಿರುಗಿಸಿ. ಹರಿವು ಎಷ್ಟೆಂದರೆ ಮೇಲ್ಪದರದ ಹರಳು ಅನ್ನ ಕುದಿಯುವ ಹಾಗೆ ಮೆಲ್ಲಗೆ ಅಲುಗಬೇಕು. ಜೋರಾದರೆ ತಿಕ್ಕಿ ಪುಡಿಯಾಗುತ್ತದೆ, ನಿಧಾನವಾದರೆ ಗಟ್ಟಿ ಉಂಡೆಯಾಗುತ್ತದೆ. ರಿಯಾಕ್ಟರಿನಿಂದ ಹೊರಬರುವ ನೀರನ್ನೂ ಟ್ಯಾಂಕಿನ ನೀರನ್ನೂ ಅಳೆದು ಎರಡೂ ಒಂದೇ ಬಂದರೆ ಜಿಎಫ್‌ಒ ಮುಗಿದಿದೆ ಎಂದರ್ಥ. ಬಹಳ ಹೊತ್ತು ಕರೆಂಟ್ ಹೋಗಿದ್ದರೆ ರಿಯಾಕ್ಟರಿನಲ್ಲಿ ನಿಂತ ನೀರನ್ನು ಟ್ಯಾಂಕಿಗೆ ಬಿಡಬೇಡಿ, ಕೊಳೆತ ಮೊಟ್ಟೆಯ ವಾಸನೆ ಬಂದರಂತೂ ಖಂಡಿತ ಬೇಡ.

ಫಾಸ್ಫೇಟ್ 0.5ರ ಮೇಲಿದ್ದರೆ ಜಿಎಫ್‌ಒ ದುಬಾರಿ, ಲ್ಯಾಂಥನಮ್ ಕ್ಲೋರೈಡ್ ಅಗ್ಗ. 7 ನೀರಿನ ಅಣು ಸೇರಿದ ಹರಳು 7.8 ಗ್ರಾಂ ತೂಗಿ 1 ಲೀಟರ್ ಡಿಐ ನೀರಿನಲ್ಲಿ ಕರಗಿಸಿದರೆ, ಅದರ 10 ಮಿಲಿ 200 ಲೀಟರಿನಲ್ಲಿ 0.1 ಪಿಪಿಎಂ ಫಾಸ್ಫೇಟನ್ನು ಹಿಡಿಯಬಲ್ಲದು. ಒಂದು ಪಾಲು ಕಾರ್ಬೋನೇಟಿಗೂ ಹೋಗುವುದರಿಂದ ನಿಜದಲ್ಲಿ ಇಳಿಯುವುದು ಸ್ವಲ್ಪ ಕಡಿಮೆ. ದಿನಕ್ಕೆ 5 ಮಿಲಿ ಮೀರಬೇಡಿ. ಅದನ್ನೂ ಒಂದು ಲೀಟರ್ ಡಿಐ ನೀರಿಗೆ ಬೆರೆಸಿ, ಡ್ರಿಪ್ ಪೈಪಿನಲ್ಲಿ ನಾಲ್ಕೈದು ಗಂಟೆ, 10 ಮೈಕ್ರಾನ್ ಸಾಕ್ಸಿನೊಳಗೆ ಹನಿಹನಿಯಾಗಿ ಬಿಡಿ, ಮರುದಿನ ಸಾಕ್ಸ್ ತೆಗೆದುಬಿಡಿ. ಫಾಸ್ಫೇಟ್ ಹಿಡಿದಾಗ ಉಂಟಾಗುವ ಬಿಳಿ ಪುಡಿ ಟ್ಯಾಂಕಿಗೆ ದಾಟಿದರೆ ಮೀನಿನ ಕಿವಿರಿಗೆ ತೊಂದರೆ. ಟ್ಯಾಂಗ್ ಮೀನುಗಳು ಬೇಗ ಬೇಗ ಉಸಿರಾಡತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಅಲ್ಕಲಿನಿಟಿಯೂ (ನೀರಿನಲ್ಲಿರುವ ಕಾರ್ಬೋನೇಟಿನ ಅಳತೆ, ಡಿಕೆಎಚ್ ಅದರ ಮಾನ) ತುಸು ಇಳಿಯುತ್ತದೆ, ಅಳೆದು ಸರಿಪಡಿಸಿ. ಆದರೆ ಪೋಷಕಾಂಶ ಕಡಿಮೆ ಮಾಡುತ್ತಿರುವಾಗ ಅಲ್ಕಲಿನಿಟಿಯನ್ನು 7ರಿಂದ 8 ಡಿಕೆಎಚ್‌ನಲ್ಲೇ ಇಡಿ. 11ರಲ್ಲಿಟ್ಟು ಫಾಸ್ಫೇಟ್ ಇಳಿಸಿದಾಗಲೇ ಅಕ್ರೊಪೊರಾದ ತುದಿಗಳು ಸುಟ್ಟಂತೆ ಬೆಳ್ಳಗಾಗುವುದು.

ಪಾಚಿಯನ್ನೇ ಕೆಲಸಕ್ಕಿಡುವುದು

ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಒಟ್ಟಿಗೆ ಎಳೆಯುವುದು ಪಾಚಿ. ಸಂಪಿನಲ್ಲಿ ಕೀಟೊಮಾರ್ಫಾ ಎಂಬ ಪಾಚಿ ಬೆಳೆಸಿ, ಮೇಲಿನ ದೀಪ ಆರಿದ ಮೇಲೆ ಅದರ ದೀಪ ಹೊತ್ತುವಂತೆ ಮಾಡಿದರೆ ರಾತ್ರಿ ಪಿಎಚ್ ಬೀಳುವುದೂ ತಗ್ಗುತ್ತದೆ. ಕಾಲರ್ಪಾ ಎಂಬ ಪಾಚಿ ಬೇಡ. ಅದು ಒಮ್ಮೊಮ್ಮೆ ಮೈಯಲ್ಲಿರುವುದನ್ನೆಲ್ಲ ನೀರಿಗೆ ಕಕ್ಕಿ ರಾತ್ರೋರಾತ್ರಿ ಬಿಳಿಚಿಕೊಂಡು ಸಾಯುತ್ತದೆ, ತಿಂಗಳ ಗಳಿಕೆ ಒಂದೇ ರಾತ್ರಿ ವಾಪಸ್. ಸ್ಕ್ರಬ್ಬರ್ (ಪರದೆಯ ಮೇಲೆ ನೀರು ಹರಿಸಿ ಪಾಚಿ ಬೆಳೆಸುವ ಸಾಧನ) ಕಟ್ಟಿಕೊಳ್ಳುವವರು ಕಸೂತಿಯ ಪ್ಲಾಸ್ಟಿಕ್ ಕ್ಯಾನ್ವಾಸನ್ನು ಗರಗಸದ ಬ್ಲೇಡಿನಿಂದ ಚೆನ್ನಾಗಿ ತರಚಿ ಒರಟು ಮಾಡಿ. ನಯವಾಗಿದ್ದರೆ ಪಾಚಿ ಕಚ್ಚಿಕೊಳ್ಳದೆ ಜಾರುತ್ತದೆ. ಪ್ರತಿ ಸೆಂಟಿಮೀಟರ್ ಅಗಲಕ್ಕೆ ಗಂಟೆಗೆ 50 ಲೀಟರ್ ಹರಿವು, ದಿನಕ್ಕೊಂದು ಫ್ರೋಜನ್ ಕ್ಯೂಬ್ ಹಾಕುವ ಟ್ಯಾಂಕಿಗೆ ಸುಮಾರು 80 ಚದರ ಸೆಂಟಿಮೀಟರ್ ಪರದೆ, ಎರಡೂ ಕಡೆ ಕೆಂಪು ಎಲ್‌ಇಡಿ. ವಾರ-ಹತ್ತು ದಿನಕ್ಕೊಮ್ಮೆ ಕೆರೆದು ಎಸೆಯಬೇಕು. ಕೆರೆಯದೆ ಬಿಟ್ಟರೆ ಒಳಪದರಕ್ಕೆ ಬೆಳಕು ಸಿಗದೆ ಕೊಳೆಯುತ್ತದೆ.

ಸೊನ್ನೆಗೆ ಬಿದ್ದಾಗ

ಹಠ ಹಿಡಿದು ಎರಡನ್ನೂ ಸೊನ್ನೆಗೆ ತಂದ ಟ್ಯಾಂಕಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಕಂದು ಲೋಳೆಯ ಎಳೆಗಳು ಏಳುತ್ತವೆ, ಪ್ರತಿ ಎಳೆಯ ತುದಿಯಲ್ಲೂ ಒಂದು ಗುಳ್ಳೆ. ರಾತ್ರಿ ಕಡಿಮೆಯಾಗಿ ಮರುದಿನ ಮತ್ತೆ ಹಾಜರು. ಬಸವನಹುಳುಗಳು ಒಂದೊಂದಾಗಿ ಮಗುಚಿ ಬೀಳುತ್ತವೆ. ಇದು ಡೈನೊಫ್ಲಾಜೆಲೇಟ್ ಎಂಬ ಏಕಕೋಶ ಜೀವಿ, ಅದರಲ್ಲೂ ಆಸ್ಟ್ರಿಯೊಪ್ಸಿಸ್ ಎಂಬ ಬಗೆ ವಿಷಕಾರಿ, ಆ ನೀರಿಗೆ ಬರಿಗೈ ಹಾಕಬೇಡಿ. ಇದನ್ನು ಮಾಮೂಲಿ ಪಾಚಿ ಎಂದುಕೊಂಡು ಇನ್ನಷ್ಟು ಜಿಎಫ್‌ಒ ಹಾಕಿದರೆ ಬೆಂಕಿಗೆ ತುಪ್ಪ ಸುರಿದಂತೆ. ಎದುರಾಳಿಯಾದ ಸಾಮಾನ್ಯ ಪಾಚಿ, ಬ್ಯಾಕ್ಟೀರಿಯಾಗಳಿಗೆ ಊಟವಿಲ್ಲದ ಕಡೆಯೇ ಇದು ಹರಡುವುದು.

ಜಿಎಫ್‌ಒ, ವಿನಿಗರ್ ಎರಡನ್ನೂ ನಿಲ್ಲಿಸಿ, ಮೀನಿನ ಆಹಾರ ಹೆಚ್ಚಿಸಿ. ಅದು ಸಾಲದಿದ್ದರೆ ನೈಟ್ರೇಟನ್ನು ಕೈಯಾರೆ ಹಾಕಬೇಕು: ಶುದ್ಧ ಸೋಡಿಯಂ ನೈಟ್ರೇಟ್ 27.4 ಗ್ರಾಂ, 1 ಲೀಟರ್ ಡಿಐ ನೀರು. ಅದರ 10 ಮಿಲಿ 200 ಲೀಟರಿಗೆ 1 ಪಿಪಿಎಂ ಏರಿಸುತ್ತದೆ. ಗೊಬ್ಬರದಂಗಡಿಯ ಪುಡಿ ಬೇಡ, ಅದರಲ್ಲಿ ಅಮೋನಿಯಂ ಬೆರಕೆ ಇರಬಹುದು. ದಿನಕ್ಕೆ 10 ಮಿಲಿಯಂತೆ ಹಾಕಿ ಮರುದಿನ ಬೆಳಿಗ್ಗೆ ಅಳೆಯಿರಿ. ಮೊದಲ ಕೆಲವು ದಿನ ಹಾಕಿದ್ದೆಲ್ಲ ಬೆಳಗಾಗುವುದರೊಳಗೆ ಮಾಯವಾಗಿರುತ್ತದೆ. 5ರಲ್ಲಿ ನಿಲ್ಲುವತನಕ ಮುಂದುವರಿಸಿ, ಫಾಸ್ಫೇಟ್ 0.05ರ ಕೆಳಗೆ ಇಳಿಯದಂತೆ ನೋಡಿಕೊಳ್ಳಿ, ಲೋಳೆಯನ್ನು ಸಂಜೆ ದೀಪ ಆರುವ ಮೊದಲು ಪೈಪಿನಲ್ಲಿ ಎಳೆದು 10 ಮೈಕ್ರಾನ್ ಸಾಕ್ಸಿನಲ್ಲಿ ಸೋಸಿ ನೀರನ್ನು ವಾಪಸ್ ಹಾಕಿ. ಈ ದಿನಗಳಲ್ಲಿ ನೀರು ಬದಲಿಸಬೇಡಿ.